ಫ್ಯಾಕ್ಟ್ ಚೆಕ್: ಎಐ ಡ್ರೋನ್ ತನ್ನ ಆಪರೇಟರ್‌ನನ್ನೇ ಕೊಂದಿತೇ? ಯುದ್ಧದಲ್ಲಿ ಎಐ ಮಿತಿಗಳೇನು?

"ದಾಳಿ ಬೇಡ ಎಂದ ಆಪರೇಟರ್‌ನನ್ನೇ ಅಮೆರಿಕದ ಎಐ ಡ್ರೋನ್ ಕೊಂದಿತು" ಎಂಬ ಸುದ್ದಿ 2023ರ ಜೂನ್‌ನಲ್ಲಿ ಜಗತ್ತಿನಾದ್ಯಂತ ಹರಿದಾಡಿತು. "ಎಐ ಆಯುಧದ ಗುರಿ ತಪ್ಪುವುದೇ ಇಲ್ಲ" ಎನ್ನುವವರೂ ಇದ್ದಾರೆ. ಎರಡೂ ನಿಜವಲ್ಲ.

ಸುದ್ದಿಯ ಮೂಲ

ಅಮೆರಿಕ ವಾಯುಪಡೆಯ ಕರ್ನಲ್ ಟಕರ್ ಹ್ಯಾಮಿಲ್ಟನ್ ಲಂಡನ್‌ನ ಸಮ್ಮೇಳನವೊಂದರಲ್ಲಿ ಆಡಿದ ಮಾತು ಇದಕ್ಕೆ ಮೂಲ. ಅಂಥ ಪ್ರಯೋಗ ನಡೆದೇ ಇಲ್ಲ, ಹೀಗೂ ಆಗಬಹುದು ಎಂಬ ಊಹೆಯಷ್ಟೇ ಎಂದು ನಂತರ ಅವರೇ ಸ್ಪಷ್ಟಪಡಿಸಿದರು.

ಎಐ ಎಲ್ಲಿ ಎಡವುತ್ತದೆ?

*ಕಲಿಸಿದ್ದನ್ನಷ್ಟೇ ಗುರುತಿಸುತ್ತದೆ:* ಎಐ ಸಾವಿರಾರು ಚಿತ್ರ ನೋಡಿ ಹೋಲಿಕೆ ಕಲಿಯುತ್ತದೆ. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಕಡೆಯ ಕುರಿಗಾಹಿಯೊಬ್ಬರು ಹೆಗಲ ಮೇಲೆ ಕೋಲು ಇಟ್ಟು ನಡೆಯುತ್ತಿದ್ದಾರೆ ಎಂದುಕೊಳ್ಳಿ. ಮಂದೆ ಕಂಡ ಕೂಡಲೇ ನಮಗೆ ಅರ್ಥವಾಗುತ್ತದೆ. ಇಂಥ ದೃಶ್ಯ ಕಲಿಯದ ಎಐಗೆ ಮೇಲಿನಿಂದ ಆ ಕೋಲು ಬಂದೂಕಿನಂತೆ ಕಾಣಬಹುದು.

*ಸುಲಭವಾಗಿ ಮೋಸಹೋಗುತ್ತದೆ:* 2017ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳು ಆಮೆಯ ಬೊಂಬೆಯೊಂದರ ಮೈಮೇಲಿನ ವಿನ್ಯಾಸವನ್ನು ಸ್ವಲ್ಪ ಬದಲಿಸಿದರು. ಗೂಗಲ್‌ನ ಎಐ ಅದನ್ನು ರೈಫಲ್ ಎಂದು ಗುರುತಿಸಿತು.

*ಮನುಷ್ಯರು ಅತಿಯಾಗಿ ನಂಬುತ್ತಾರೆ:* 2003ರ ಮಾರ್ಚ್‌ನಲ್ಲಿ, ಇರಾಕ್ ಯುದ್ಧದ ವೇಳೆ, ಅಮೆರಿಕದ ಪೇಟ್ರಿಯಾಟ್ ವ್ಯವಸ್ಥೆ ಮಿತ್ರದೇಶ ಬ್ರಿಟನ್‌ನ ಟೊರ್ನಾಡೊ ವಿಮಾನವನ್ನು ಶತ್ರು ಕ್ಷಿಪಣಿ ಎಂದು ತೋರಿಸಿತು. ಸಿಬ್ಬಂದಿ ಅದನ್ನು ನಂಬಿ ಹೊಡೆದರು, ಇಬ್ಬರು ಸತ್ತರು. ಅದು ಇಂದಿನ ಎಐ ಅಲ್ಲ, ಸ್ವಯಂಚಾಲಿತ ವ್ಯವಸ್ಥೆ. ಆದರೆ ಅಪಾಯ ಅದೇ.

ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ. 1983ರ ಸೆಪ್ಟೆಂಬರ್ 26ರಂದು ಅಮೆರಿಕದಿಂದ ಕ್ಷಿಪಣಿಗಳು ಬರುತ್ತಿವೆ ಎಂದು ಸೋವಿಯತ್ ಕಂಪ್ಯೂಟರ್ ಎಚ್ಚರಿಸಿತು. ಕರ್ತವ್ಯದಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ನಂಬಲಿಲ್ಲ. "ನಿಜವಾದ ದಾಳಿಯಾಗಿದ್ದರೆ ಇಷ್ಟು ಕಡಿಮೆ ಕ್ಷಿಪಣಿ ಬರುತ್ತಿರಲಿಲ್ಲ" ಎಂಬುದು ಅವರ ತರ್ಕ. ಉಪಗ್ರಹವು ಮೋಡದ ಮೇಲಿನ ಬಿಸಿಲಿನ ಹೊಳಪನ್ನು ಕ್ಷಿಪಣಿ ಎಂದುಕೊಂಡಿತ್ತು.

ನಮ್ಮ ಕಡೆಯ ಡ್ರೋನ್‌ಗಳು

ಚಳ್ಳಕೆರೆ ಬಳಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರವಿದೆ. 2023ರ ಆಗಸ್ಟ್ 20ರಂದು ಪರೀಕ್ಷೆಯಲ್ಲಿದ್ದ ತಪಸ್ ಡ್ರೋನ್, ಶಿರಾ ಪಕ್ಕದ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಒಳಗೆ ಪೈಲಟ್ ಇಲ್ಲ ಎಂದ ಮಾತ್ರಕ್ಕೆ ಡ್ರೋನ್ 'ತಾನೇ ಯೋಚಿಸುವ ಆಯುಧ' ಆಗುವುದಿಲ್ಲ. ನೆಲದ ಮೇಲಿನ ಸಿಬ್ಬಂದಿ ಅದನ್ನು ನಿಯಂತ್ರಿಸುತ್ತಾರೆ. ಸೇನೆಗೆ ಬೇಕಾದ ಎಐ ಸಂಶೋಧನೆಯನ್ನು ಬೆಂಗಳೂರಿನಲ್ಲಿ 1986ರಲ್ಲೇ ಶುರುವಾದ ಡಿಆರ್‌ಡಿಒದ ಇನ್ನೊಂದು ಪ್ರಯೋಗಾಲಯ 'ಕೇರ್' ನಡೆಸುತ್ತದೆ.

ಕೊನೆಯ ಮಾತು

ಎಐ ಮನುಷ್ಯನಿಗಿಂತ ಬೇಗ ನೋಡಬಲ್ಲದು, ಆದರೆ ತಾನು ನೋಡಿದ್ದರ ಅರ್ಥ ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಗುಂಡು ಹಾರಿಸುವ ನಿರ್ಧಾರ, ಪರಿಶೀಲಿಸಲು ಸಮಯ ಮತ್ತು 'ಬೇಡ' ಎನ್ನುವ ಅಧಿಕಾರ ಇರುವ ಮನುಷ್ಯನ ಕೈಯಲ್ಲೇ ಇರಬೇಕು. "ಎಐ ತಾನೇ ಕೊಂದಿತು" ಅಥವಾ "ಎಐ ತಪ್ಪೇ ಮಾಡಲ್ಲ" ಎನ್ನುವ ಸಂದೇಶ ಬಂದರೆ, ಯಾರು ಹೇಳಿದ್ದು, ಎಲ್ಲಿ ನಡೆದದ್ದು ಎಂದು ನೋಡಿದ ಮೇಲೆ ಫಾರ್ವರ್ಡ್ ಮಾಡಿ.