ಕರ್ಕಿಯಿಂದ ಗ್ರಾಂಟ್ ರೋಡಿಗೆ: ಅರವತ್ತರ ಹುಟ್ಟುಹಬ್ಬದ ಎರಡು ದಿನ

ಮುಂಬಯಿಯಲ್ಲಿ ಇರುವವರು ಮುಂಬಯಿ ನೋಡುವುದಿಲ್ಲ. ಊರಿಂದ ನೆಂಟರು ಬಂದಾಗ ಗೇಟ್‌ವೇ ಆಫ್ ಇಂಡಿಯಾ, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿ ಗುಡಿ, ಜುಹೂ ಬೀಚು ಅಂತ ಒಂದು ಸುತ್ತು ಹೊಡೆಸುತ್ತೇವೆ, ಅಷ್ಟೇ. ಮಿಕ್ಕಂತೆ ನಮಗೆ ಗೊತ್ತಿರುವ ಮುಂಬಯಿ ಅಂದರೆ ಲೋಕಲ್ ಟ್ರೈನಿನ ಕಿಟಕಿಯಿಂದ ಕಾಣುವಷ್ಟು. ಅದೂ ಕಿಟಕಿ ಸಿಕ್ಕರೆ!

ನಾನು ಈ ಊರಿಗೆ ಬಂದದ್ದು 1981ರಲ್ಲಿ. ಮೊದಲು ಕೋಟೆ ಭಾಗದ ಒಂದು ಹೊಟೇಲಿನಲ್ಲಿ ಗಲ್ಲೆಯ ಹತ್ತಿರ ಲೆಕ್ಕ ಬರೆಯುತ್ತಿದ್ದೆ, ಸಂಜೆ ಕಾಲೇಜು, ಆಮೇಲೆ ಆಫೀಸು, ಆಮೇಲೆ ಡೊಂಬಿವಿಲಿಯಲ್ಲಿ ಮನೆ. ನಮ್ಮಲ್ಲಿ ಬಹುಪಾಲು ಜನರ ಕಥೆ ಇದೇ ಆದ್ದರಿಂದ ವಿವರಿಸುವುದಿಲ್ಲ. 2022ರ ನವೆಂಬರ್ 5ಕ್ಕೆ ನನಗೆ ಅರವತ್ತು ತುಂಬಿತು. ಅವತ್ತು ಶನಿವಾರ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಬಳಿ ನನ್ನ ಚೀಲ ಕಟ್ಟಿ ಇಟ್ಟಾಗಿತ್ತು. "ಎಲ್ಲಿಗೆ?" ಅಂದರೆ ಮಗಳೂ ಹೇಳಲಿಲ್ಲ, ಮಗನೂ ಹೇಳಲಿಲ್ಲ. ಹೆಂಡತಿ ಮಾತ್ರ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಊರಿಗೇ ಹೊರಟಿದ್ದೇವೆ ಅಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ. ಕೊನೆಗೆ ಇಳಿದದ್ದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ! ಅಂದರೆ ಮೂವತ್ತು ವರ್ಷ ದಿನಾ ಇಳಿದ ಅದೇ ವಿ.ಟಿ.ಯಲ್ಲಿ. "ಎರಡು ದಿನ ನೀವು ಇಲ್ಲಿಗೆ ಪ್ರವಾಸಿ" ಅಂದಳು ಮಗಳು. ಕೋಟೆಯಲ್ಲಿ ಹೊಟೇಲು ರೂಮು, ಸಂಜೆ ನಾಟಕ, ಮಾರನೆ ದಿನ ಸುತ್ತಾಟ. ಇದು ಅವರ ಯೋಜನೆ.

ಅವರಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ನವೆಂಬರ್ 5 ಮರಾಠಿ ರಂಗಭೂಮಿ ದಿನ. ಆ ದಿನಕ್ಕೂ ನಮ್ಮ ಊರಿಗೂ ಒಂದು ನಂಟಿದೆ. ನಾನು ಬರೆಯಹೊರಟಿರುವುದು ಅದರ ಬಗ್ಗೆಯೇ.

ನಮ್ಮದು ಹೊನ್ನಾವರ ತಾಲೂಕು. ಹೊನ್ನಾವರ ಪೇಟೆಯಿಂದ ಸ್ವಲ್ಪ ಉತ್ತರಕ್ಕೆ ಕರ್ಕಿ ಅಂತ ಊರು, ಬಡಗುತಿಟ್ಟಿನ ಯಕ್ಷಗಾನ ಬಲ್ಲವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಕರ್ಕಿಯ ಹಾಸ್ಯಗಾರ ಮನೆತನದ ಹೆಸರು ಕೇಳದ ಯಕ್ಷಗಾನಪ್ರಿಯರು ಘಟ್ಟದ ಮೇಲೂ ಕಡಿಮೆ, ಕೆಳಗೂ ಕಡಿಮೆ. ನನ್ನ ಅಜ್ಜ ಆಟದ ಹುಚ್ಚಿನವರು. ಮಳೆಗಾಲದಲ್ಲಿ ಜಗಲಿಯ ಮೇಲೆ ಕವಳ ಹಾಕುತ್ತ ಅವರು ಹೇಳುತ್ತಿದ್ದ ಮಾತು ಒಂದಿತ್ತು: "ಮರಾಠಿಯವರಿಗೆ ನಾಟಕ ಕಲಿಸಿದ್ದು ನಮ್ಮ ಕರ್ಕಿ ಮೇಳ." ನಾನಾಗ ಹೈಸ್ಕೂಲು. ಮುಂಬಯಿಯಿಂದ ರಜಕ್ಕೆ ಬಂದವರ ಬಾಯಲ್ಲಿ ಅಲ್ಲಿನ ನಾಟಕ, ಸಿನೆಮಾಗಳ ಕಥೆ ಕೇಳಿ ಕೇಳಿ ತಲೆ ತಿರುಗಿದ ಕಾಲ. "ಅಜ್ಜಾ, ಸುಮ್ನಿರು, ಬಾವಿ ಕಪ್ಪೆಯ ಮಾತು" ಅಂತ ನಕ್ಕುಬಿಟ್ಟಿದ್ದೆ. ಅಜ್ಜ ತಿರುಗಿ ಏನೂ ಹೇಳಲಿಲ್ಲ. ಆ ಮೇಲೆ ನನ್ನೆದುರು ಆ ಮಾತನ್ನು ಎತ್ತಲೂ ಇಲ್ಲ.

ನಲವತ್ತು ದಾಟಿದ ಮೇಲೆ ದಾದರಿನ ಒಂದು ವಾಚನಾಲಯದಲ್ಲಿ ಮರಾಠಿ ರಂಗಭೂಮಿಯ ಇತಿಹಾಸ ಓದುತ್ತಿದ್ದಾಗ ಸಿಕ್ಕಿದ್ದು ಇಷ್ಟು. 1842ರಲ್ಲಿ ಕರ್ನಾಟಕದ ಒಂದು ಭಾಗವತ ಮಂಡಳಿ ಸಾಂಗಲಿಗೆ ಬಂದು ಆಟ ಆಡಿತು. ಅಲ್ಲಿನ ಅರಸ ಚಿಂತಾಮಣರಾವ್ ಪಟವರ್ಧನ ಅದನ್ನು ನೋಡಿದರು. ಇಂಥದ್ದನ್ನು ಮರಾಠಿಯಲ್ಲೂ ಮಾಡಬೇಕು ಅನ್ನಿಸಿ ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ ಎಂಬ ತರುಣನಿಗೆ ಆ ಕೆಲಸ ಒಪ್ಪಿಸಿದರು. 1843ರ ನವೆಂಬರ್ 5ರಂದು ಭಾವೆಯವರ 'ಸೀತಾ ಸ್ವಯಂವರ' ಸಾಂಗಲಿಯಲ್ಲಿ ರಂಗವೇರಿತು. ಆ ದಿನವೇ ಇವತ್ತಿನ ಮರಾಠಿ ರಂಗಭೂಮಿ ದಿನ. ಸಾಂಗಲಿಗೆ ಹೋದ ಆ ಮಂಡಳಿ ಕರ್ಕಿಯದು ಅಂತ ಯಕ್ಷಗಾನದ ಚರಿತ್ರೆ ಬರೆದವರು ಹೇಳುತ್ತಾರೆ.

ಭಾವೆಯವರ ಆಟದ ಕಟ್ಟು ಹೇಗಿತ್ತು ನೋಡಿ. ಮೊದಲಿಗೆ ಸೂತ್ರಧಾರನ ಮಂಗಳಪದ್ಯ. ಆಮೇಲೆ ವಿದೂಷಕ. ಗಣಪತಿ ಬರುತ್ತಾನೆ, ಸರಸ್ವತಿ ಬಂದು ಕುಣಿಯುತ್ತಾಳೆ. ಆಮೇಲೆ ಕಥೆ. ಪದ್ಯ ಹಾಡುವವನು ಸೂತ್ರಧಾರ. ಪಾತ್ರಧಾರಿಗಳು ಪದ್ಯದ ಅರ್ಥ ಹಿಡಿದು ತಾವೇ ಮಾತು ಕಟ್ಟಿ ಆಡುತ್ತಾರೆ. ರಾಕ್ಷಸ ಬಂದನೆಂದರೆ ಆರ್ಭಟ, ಕುಣಿತ, ಗದ್ದಲ. ಬಯಲಾಟ ನೋಡಿದ ಯಾರಿಗಾದರೂ ಇದು ಎಲ್ಲಿಯದು ಅಂತ ಹೇಳಿಕೊಡಬೇಕೇ? ಭಾಗವತರು ಸೂತ್ರಧಾರರಾದರು, ಹಾಸ್ಯಗಾರ ವಿದೂಷಕನಾದ, ಅರ್ಥಗಾರಿಕೆ ಹಾಗೇ ಉಳಿಯಿತು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಮರಾಠಿಯಲ್ಲಿ ನಾಟಕ ಬರೆದವರಲ್ಲಿ ಭಾವೆ ಮೊದಲಿಗರಲ್ಲ. ತಂಜಾವೂರಿನ ಭೋಸಲೆ ಅರಸರು ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೇ ಮರಾಠಿ ನಾಟಕ ಬರೆದಿದ್ದರು. ಆದರೆ ಅದು ಅರಮನೆಯೊಳಗಿನ ಮಾತು. ಊರೂರು ತಿರುಗಿ, ಟಿಕೇಟು ಮಾರಿ, ಜನರ ಎದುರು ಆಡುವ ರಂಗಭೂಮಿ ಶುರುವಾದದ್ದು ಭಾವೆಯವರಿಂದ. ಅವರು ಊರೂರು ತಿರುಗಬೇಕಾದದ್ದೂ ಕಷ್ಟದಿಂದಲೇ. 1851ರಲ್ಲಿ ಚಿಂತಾಮಣರಾವ್ ತೀರಿಕೊಂಡರು, ಅರಮನೆಯ ಆಶ್ರಯ ತಪ್ಪಿತು. ಹೊಟ್ಟೆಪಾಡಿಗೆ ಭಾವೆ ಮಂಡಳಿ ಕಟ್ಟಿಕೊಂಡು ಹೊರಟರು. 1853ರಲ್ಲಿ ಮುಂಬಯಿಗೆ ಬಂದರು. ಹೊಟ್ಟೆಪಾಡಿಗೆ ಮುಂಬಯಿಗೆ ಬರುವುದು ನಮಗೇನು ಹೊಸತೇ!

ಇದನ್ನು ಓದಿ ಪುಸ್ತಕ ಮುಚ್ಚಿದಾಗ ಅಜ್ಜ ಹೋಗಿ ಹದಿನೈದು ವರ್ಷವಾಗಿತ್ತು.

ಇರಲಿ, ಆ ಶನಿವಾರಕ್ಕೆ ಬರೋಣ. ಮಕ್ಕಳ ಪಟ್ಟಿಯಲ್ಲಿ ಮೊದಲು ಗೇಟ್‌ವೇ ಇತ್ತು. ನಾನು ಹೇಳಿದೆ, ಇವತ್ತು ನನ್ನ ಹುಟ್ಟುಹಬ್ಬ ತಾನೇ, ಒಂದು ಜಾಗ ನನ್ನಿಷ್ಟದ್ದು ಇರಲಿ. ಟ್ಯಾಕ್ಸಿ ಹಿಡಿದು ಗ್ರಾಂಟ್ ರೋಡಿಗೆ ಹೋದೆವು. "ಇಲ್ಲಿ ನೋಡೋದಕ್ಕೆ ಏನಿದೆ?" ಅಂತ ಮಗ ಮುಖ ಕಿವುಚಿದ. ನಿಜ ಹೇಳಬೇಕೆಂದರೆ ಏನೂ ಇಲ್ಲ. ಬಂಡಿಗಳು, ಕಬ್ಬಿಣದ ಸಾಮಾನಿನ ಅಂಗಡಿಗಳು, ಹಳೆಯ ಟಾಕೀಸುಗಳು. ಆದರೆ 1846ರಲ್ಲಿ ಇಲ್ಲಿ ಗ್ರಾಂಟ್ ರೋಡ್ ಥಿಯೇಟರು ತೆರೆಯಿತು. ಅದರ ಹಿಂದಿದ್ದವರು ಜಗನ್ನಾಥ ಶಂಕರಶೇಟ್, ಊರವರ ಬಾಯಲ್ಲಿ ನಾನಾ ಶಂಕರಶೇಟ್. ಮೊದಮೊದಲು ಅಲ್ಲಿ ಇಂಗ್ಲಿಷ್ ನಾಟಕ. 1853ರಲ್ಲಿ ಭಾವೆಯವರ ಮಂಡಳಿ ಅಲ್ಲಿ ಆಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ರಂಗದ ಮೇಲೆ ಪಾರ್ಸಿಗಳ ಮಂಡಳಿ ರುಸ್ತುಮ್ ಸೊಹ್ರಾಬರ ಕಥೆ ಆಡಿತು, ಅಲ್ಲಿಂದ ಪಾರ್ಸಿ ರಂಗಭೂಮಿ ಶುರು. ಅದೇ 1853ರ ಏಪ್ರಿಲ್ 16ಕ್ಕೆ ಬೋರಿಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಿತು. ಆ ರೈಲ್ವೆ ಕಂಪನಿಯ ನಿರ್ದೇಶಕರಲ್ಲೂ ಶಂಕರಶೇಟ್ ಒಬ್ಬರು. ಒಂದೇ ವರ್ಷದಲ್ಲಿ ಈ ಊರಿಗೆ ರೈಲೂ ಬಂತು, ದೇಸೀ ನಾಟಕವೂ ಬಂತು. ಈ ಎರಡೂ ಇಲ್ಲದ ಮುಂಬಯಿಯನ್ನು ನೆನೆಯುವುದು ಕಷ್ಟ.

ಈ ಸುತ್ತಿನಲ್ಲಿ ಆಮೇಲೆ ನಾಟಕಶಾಲೆಗಳು ಒಂದರ ಹಿಂದೆ ಒಂದು ಎದ್ದವು. 'ಪ್ಲೇಹೌಸ್' ಎಂಬ ಇಂಗ್ಲಿಷ್ ಮಾತು ಜನರ ಬಾಯಲ್ಲಿ 'ಪೀಲಾ ಹೌಸ್' ಆಗಿ ಇವತ್ತಿಗೂ ಆ ಜಾಗಕ್ಕೆ ಅದೇ ಹೆಸರು. ಹಳದಿ ಮನೆ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ!

ಅಲ್ಲಿಂದ ನಡೆದೇ ರಾಯಲ್ ಆಪೆರಾ ಹೌಸಿಗೆ ಬಂದೆವು. 1911ರಲ್ಲಿ ಇನ್ನೂ ಕಟ್ಟುತ್ತಿರುವಾಗಲೇ ಐದನೆಯ ಜಾರ್ಜ್ ದೊರೆ ಬಂದು ಉದ್ಘಾಟಿಸಿದ ಕಟ್ಟಡ. ಆಪೆರಾ ಹೋಗಿ ನಾಟಕ ಬಂತು, ನಾಟಕ ಹೋಗಿ ಸಿನೆಮಾ ಬಂತು, 1993ರಲ್ಲಿ ಬಾಗಿಲೇ ಮುಚ್ಚಿತು. ನಾನು ಕಂಡದ್ದು ಆ ಮುಚ್ಚಿದ ಬಾಗಿಲನ್ನೇ. ಬಸ್ ಕಂಡಕ್ಟರು "ಆಪೆರಾ ಹೌಸ್, ಆಪೆರಾ ಹೌಸ್" ಅಂತ ಕೂಗುತ್ತಿದ್ದ, ಆದರೆ ಹೆಸರು ಮಾತ್ರ ಉಳಿದಿತ್ತು. ವರ್ಷಗಟ್ಟಲೆ ದುರಸ್ತಿ ನಡೆದು 2016ರ ಅಕ್ಟೋಬರಿನಲ್ಲಿ ಮತ್ತೆ ತೆರೆಯಿತು. ಹೊರಗೆ ನಿಂತು ಫೋಟೋ ತೆಗೆಸಿಕೊಂಡೆವು.

ಮಧ್ಯಾಹ್ನದ ಊಟಕ್ಕೆ ಮಾಟುಂಗ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು 1942ರಿಂದ ಬಾಳೆಲೆ ಹಾಕಿ ಬಡಿಸುತ್ತಿದೆ. ಮೈಸೂರು ಅಸೋಸಿಯೇಶನ್ (1926) ಇಲ್ಲಿಯೇ, ಹಳಿ ದಾಟಿದರೆ ಕರ್ನಾಟಕ ಸಂಘ (1933). ಈ ಎರಡು ಸಭಾಂಗಣಗಳಲ್ಲಿ ನಾನು ನೋಡಿದ ನಾಟಕ, ತಾಳಮದ್ದಲೆಗಳಿಗೆ ಲೆಕ್ಕವಿಲ್ಲ. ಮಗಳು ಚಿಕ್ಕವಳಿದ್ದಾಗ ನನ್ನ ತೊಡೆಯ ಮೇಲೆ ನಿದ್ದೆ ಮಾಡಿದ್ದೂ ಇಲ್ಲಿಯೇ. ದೊಡ್ಡವಳಾದ ಮೇಲೆ ಬರಲಿಲ್ಲ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಆ ತಪ್ಪು ನನ್ನದೇ, ಬೆಳಿಗ್ಗೆ ಏಳೂ ಇಪ್ಪತ್ತರ ಲೋಕಲ್ಲಿಗೆ ಓಡುವವನಿಗೆ ಅಕ್ಷರ ತಿದ್ದಿಸಲು ಪುರಸೊತ್ತು ಸಿಗಲಿಲ್ಲ.

ಸಂಜೆ ದಾದರಿನ ಶಿವಾಜಿ ಮಂದಿರ. ಮಕ್ಕಳು ಟಿಕೇಟು ತೆಗೆದದ್ದು ಒಂದು ಮರಾಠಿ ನಾಟಕಕ್ಕೆ. ಅವರಿಗೆ ಹಗುರವಾಗುವುದು ಆ ಭಾಷೆಯೇ. ಮೂರನೆಯ ಗಂಟೆಗೆ ಮುಂಚೆ ತೆರೆಯ ಮುಂದೆ ಒಬ್ಬರು ಬಂದು, ಇವತ್ತು ರಂಗಭೂಮಿ ದಿನ ಅಂತ ನೆನಪಿಸಿ, ವಿಷ್ಣುದಾಸ ಭಾವೆಯವರ ಹೆಸರು ಹೇಳಿ ಕೈಮುಗಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆಮೇಲೆ ಯಾಕೋ ಗಂಟಲು ಕಟ್ಟಿತು.

ಹೊಟೇಲಿನಲ್ಲಿದ್ದ ಕಾಲದಲ್ಲಿ ಹಿರಿಯರು ಹೇಳುತ್ತಿದ್ದ ಕಥೆಗಳು ನೆನಪಾದವು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ಹೊಟೇಲುಗಳಿಗೆ ಕಲ್ಲು ಬಿದ್ದದ್ದು, ಅರ್ಧ ಷಟರು ಎಳೆದು ಇಡ್ಲಿ ಬೇಯಿಸಿದ್ದು. ನನ್ನ ಕಾಲಕ್ಕೆ ಕಲ್ಲು ನಿಂತಿತ್ತು. ಆದರೂ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ಬಡ್ತಿಯ ಜಗಳದಲ್ಲಿ "ನೀವು ಹೊರಗಿನವರು" ಅಂದದ್ದು ಇನ್ನೂ ಕಿವಿಯಲ್ಲಿದೆ. ಅವತ್ತು ನನಗೆ ಕರ್ಕಿಯ ವಿಷಯ ಗೊತ್ತಿದ್ದಿದ್ದರೆ ಅವನ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದೆ. ಈಗ ಹಾಗೆ ಹೇಳುವ ಆಸೆ ಇಲ್ಲ. ಯಾಕೆಂದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಭಾವೆ ಹಾಕಿದ ದಾರಿಯಲ್ಲಿ ಮರಾಠಿ ಮಂಡಳಿಗಳು ಹುಟ್ಟಿ ಧಾರವಾಡ, ಹುಬ್ಬಳ್ಳಿ, ಗದಗಿಗೂ ಬಂದವು. ನಮ್ಮ ಜನ ಮರಾಠಿ ನಾಟಕಕ್ಕೆ ಮುಗಿಬಿದ್ದರು. ಅದನ್ನು ಕಂಡು ಸಂಕಟಪಟ್ಟ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ 'ಉಷಾಹರಣ' ಬರೆದು ಗದಗಿನಲ್ಲಿ ಕನ್ನಡದ ನಾಟಕ ಮಂಡಳಿ ಕಟ್ಟಿದರು. ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿ ಬೆಳೆದದ್ದು ಅಲ್ಲಿಂದ. ಅತ್ತ ಮರಾಠಿಯ ಸಂಗೀತ ನಾಟಕಕ್ಕೆ 1880ರಲ್ಲಿ 'ಶಾಕುಂತಲ'ದಿಂದ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಮ್ಮ ಗಿರೀಶ ಕಾರ್ನಾಡರು ಕಾಲೇಜಿಗೆಂದು ಮುಂಬಯಿಗೆ ಬಂದಾಗ ಅಲ್ಕಾಜಿಯವರು ಆಡಿಸಿದ ಸ್ಟ್ರಿಂಡ್‌ಬರ್ಗನ ನಾಟಕ ನೋಡಿ, ರಂಗದ ಮೇಲೆ ದೀಪ ಮೆಲ್ಲಗೆ ಆರುವುದಕ್ಕೇ ಬೆರಗಾದರು. ಕೆಲವೇ ಕಾಲದಲ್ಲಿ 'ಯಯಾತಿ' ಬರೆದರು. ಕೊಟ್ಟವರು ಯಾರು, ಕೊಂಡವರು ಯಾರು ಅಂತ ಖಾತೆ ಬರೆಯಲು ಕೂತರೆ, ಗಲ್ಲೆಯ ಲೆಕ್ಕ ಬರೆದ ನನಗೂ ತಾಳೆಯಾಗುವುದಿಲ್ಲ.

ಒಂದು ಮಾತ್ರ ಕೊರೆಯುತ್ತದೆ. ಭಾವೆಯವರ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಸಾಂಗಲಿಯಲ್ಲಿ ಅವತ್ತು ಕುಣಿದವರು ಮಾತ್ರ ಪುಸ್ತಕದಲ್ಲಿ 'ಒಂದು ಭಾಗವತ ಮಂಡಳಿ' ಆಗಿ ಉಳಿದರು. ಅವರೂ ಹೊಟ್ಟೆಪಾಡಿಗೇ ಊರುಬಿಟ್ಟು ಹೋದವರಿರಬೇಕು.

ಮಧ್ಯಂತರದಲ್ಲಿ ಬಟಾಟೆವಡೆ ತಿನ್ನುತ್ತ ಮಗಳಿಗೆ ಇದನ್ನೆಲ್ಲ ಹೇಳಿದೆ. ಅಜ್ಜನಿಗೆ ನಾನು ಬಾವಿ ಕಪ್ಪೆ ಅಂದದ್ದನ್ನೂ ಹೇಳಿದೆ. ಅದನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಅವಳು ವಡೆ ಕೈಯಲ್ಲೇ ಹಿಡಿದು ಸುಮ್ಮನೆ ಕೇಳಿದಳು.

ಭಾನುವಾರ ಬೊರಿವಿಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳು. ನೂರಕ್ಕೂ ಮಿಕ್ಕಿದ ಬೌದ್ಧ ಗುಹೆಗಳು. ಅಲ್ಲಿ ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಿವೆ, ಶಿಲಾಹಾರ ಮಾಂಡಲಿಕರ ಕಾಲದವು. ಅವುಗಳಲ್ಲಿ ಸಾರ್ವಭೌಮನೆಂದು ಹೆಸರಿಸಿರುವುದು ಅಮೋಘವರ್ಷನನ್ನು. 'ಕವಿರಾಜಮಾರ್ಗ'ದ ನೃಪತುಂಗ ನಮ್ಮ ಪಠ್ಯಪುಸ್ತಕದಲ್ಲಿ ಮಾತ್ರ ಇದ್ದಾನೆ ಅಂದುಕೊಂಡಿದ್ದರೆ, ಡೊಂಬಿವಿಲಿಯಿಂದ ಎರಡು ಲೋಕಲ್ ಬದಲಿಸಿದರೆ ಅವನ ಹೆಸರಿರುವ ಬಂಡೆ ಸಿಗುತ್ತದೆ. ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಅಂತ ಹಣ ಬಿಟ್ಟ ದಾನಿಯ ವಿವರವೂ ಅಲ್ಲಿನ ಕಲ್ಲಿನ ಮೇಲಿದೆ. ಮೆಟ್ಟಿಲು ಹತ್ತಿ ಮೊಣಕಾಲು ನೋಯುತ್ತಿತ್ತು, ಬಂಡೆಗೆ ಒರಗಿ ಬಹಳ ಹೊತ್ತು ಕೂತೆ.

ಮರಳುವಾಗ ಲೋಕಲಿನಲ್ಲಿ ಕಿಟಕಿ ಸಿಕ್ಕಿತು. ಮಗಳು ಪಕ್ಕದಲ್ಲಿ ಕೂತು ಫೋನಿನಲ್ಲಿ ಏನೋ ಹುಡುಕುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿಸಿದಳು. ನಕ್ಷೆಯಲ್ಲಿ ಹೊನ್ನಾವರ, ಅದರ ಮೇಲೆ ಒಂದು ಚಿಕ್ಕ ಚುಕ್ಕೆ. "ಇದೇ ತಾನೇ ಕರ್ಕಿ? ಈ ಸಲ ಊರಿಗೆ ಹೋದಾಗ ಅಲ್ಲಿ ಇಳಿಯೋಣ."

ಇಳಿಯೋಣ ಅಂದೆ. ಅಜ್ಜನ ಜಗಲಿ ಈಗಿಲ್ಲ, ಮನೆ ಮಾರಿ ಬಹಳ ವರ್ಷವಾಯಿತು. ಆದರೆ ಸುಗ್ಗಿಯ ಕಾಲದಲ್ಲಿ ಹೋದರೆ ಅಲ್ಲೆಲ್ಲಾದರೂ ಆಟ ಇದ್ದೇ ಇರುತ್ತದೆ.