ಉಬ್ಬಿದ ಅಭಿಧಮನಿ ಮತ್ತು ಎಳೆನಾಳಗಳ ಆಧುನಿಕ ಚಿಕಿತ್ಸೆ

ಕಾಲಿನ ಚರ್ಮದ ಕೆಳಗಿನ ಅಭಿಧಮನಿಗಳು ಹಿಗ್ಗಿ, ಸುತ್ತಿಕೊಂಡು ಉಬ್ಬಿ ನಿಲ್ಲುವ ಸ್ಥಿತಿಗೆ ವೈದ್ಯರು ವೇರಿಕೋಸ್ ವೇನ್ಸ್ ಎನ್ನುತ್ತಾರೆ. ಜನ ‘ಕಾಲಿನ ನರ ಉಬ್ಬಿದೆ’ ಎನ್ನುತ್ತಾರೆ. ನಿಂತಾಗ 3 ಮಿ.ಮೀ. ಅಥವಾ ಅದಕ್ಕಿಂತ ದಪ್ಪವಿರುವ ನಾಳಗಳು ಈ ಗುಂಪಿಗೆ ಸೇರುತ್ತವೆ. 1ರಿಂದ 3 ಮಿ.ಮೀ. ನಡುವಿನ ನೀಲಿ ಗೆರೆಗಳು ಜಾಲನಾಳಗಳು. ಅದಕ್ಕಿಂತಲೂ ಸಣ್ಣದಾಗಿ, ಕೆಂಪು ಇಲ್ಲವೇ ನೇರಳೆ ಬಣ್ಣದಲ್ಲಿ ಚರ್ಮದಲ್ಲೇ ಹರಡಿರುವವು ಎಳೆನಾಳಗಳು. ಇವಕ್ಕೆ ಥ್ರೆಡ್ ವೇನ್ಸ್, ಸ್ಪೈಡರ್ ವೇನ್ಸ್ ಎಂಬ ಹೆಸರುಗಳೂ ಇವೆ. ಮೊದಲನೆಯದು ವರ್ಷಗಳ ಮೇಲೆ ಹುಣ್ಣಿನವರೆಗೂ ಹೋಗಬಲ್ಲ ಕಾಯಿಲೆ. ಕೊನೆಯದು ಹೆಚ್ಚಿನವರಲ್ಲಿ ನೋಟಕ್ಕೆ ಸಂಬಂಧಿಸಿದ್ದು. ಎರಡನ್ನೂ ಒಂದೇ ಎಂದು ನೋಡಿದರೆ ಚಿಕಿತ್ಸೆಯ ಲೆಕ್ಕಾಚಾರವೇ ತಪ್ಪುತ್ತದೆ.

ಕಾಲಿನ ರಕ್ತದಲ್ಲಿ ಸುಮಾರು ಶೇ. 90ರಷ್ಟು ಹೃದಯಕ್ಕೆ ಮರಳುವುದು ಸ್ನಾಯುಗಳ ನಡುವಿನ ಆಳದ ಅಭಿಧಮನಿಗಳ ಮೂಲಕ. ಹೊರಪದರದಲ್ಲಿ ಎರಡು ಮುಖ್ಯ ನಾಳಗಳಿವೆ. ಪಾದದ ಒಳಗಂಟಿನಿಂದ ತೊಡೆಸಂದಿಯವರೆಗೆ ಏರುವುದು ದೊಡ್ಡ ಸಫೀನಸ್, ಮೀನಖಂಡದ ಹಿಂಬದಿಯಲ್ಲಿ ಮೊಣಕಾಲಿನತ್ತ ಹೋಗುವುದು ಸಣ್ಣ ಸಫೀನಸ್. ಇವುಗಳೊಳಗಿನ ಕವಾಟಗಳು ರಕ್ತವನ್ನು ಮೇಲಕ್ಕೆ ಮಾತ್ರ ಬಿಡುತ್ತವೆ. ಅಲುಗಾಡದೆ ನಿಂತವರ ಪಾದದ ಅಭಿಧಮನಿಯಲ್ಲಿ ಒತ್ತಡ ಪಾದರಸದ 80–90 ಮಿ.ಮೀ. ಇರುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುವುದರಿಂದ ಆರೋಗ್ಯವಂತರಲ್ಲಿ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಸೋರಿದವರಲ್ಲಿ ಈ ಇಳಿಕೆ ಆಗುವುದಿಲ್ಲ. ಕಾಲು ಭಾರವಾಗುವುದು, ಸಂಜೆಯ ಬಾವು, ಕೆರೆತ, ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ ಗಟ್ಟಿಯಾಗುವುದು, ಕೊನೆಗೆ ಮಾಯದ ಹುಣ್ಣು, ಎಲ್ಲದರ ಹಿಂದೆಯೂ ಇದೇ ಒತ್ತಡವಿದೆ. ವಂಶವಾಹಿ, ಬಸಿರು, ವಯಸ್ಸು, ಬೊಜ್ಜು ಮುಖ್ಯ ಕಾರಣಗಳು. ಬಾಣಸಿಗರು, ಸಂಚಾರಿ ಪೊಲೀಸರು, ಬಸ್ ನಿರ್ವಾಹಕರಂತೆ ದಿನವಿಡೀ ನಿಂತು ದುಡಿಯುವವರಲ್ಲಿ ತೊಂದರೆ ಬೇಗ ಉಲ್ಬಣಿಸುತ್ತದೆ.

ಸೋರುವ ನಾಳವನ್ನು ಮೇಲ್ತುದಿಯಲ್ಲಿ ಕಟ್ಟಿಹಾಕುವ ಯೋಚನೆ ಹತ್ತೊಂಬತ್ತನೆಯ ಶತಮಾನದ್ದು. ಜರ್ಮನಿಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1890ರ ಸುಮಾರಿಗೆ ದೊಡ್ಡ ಸಫೀನಸನ್ನು ತೊಡೆಯಲ್ಲಿ ಕಟ್ಟಿದರು. 1907ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ನಾಳದೊಳಗೆ ತಂತಿ ತೂರಿಸಿ ಇಡೀ ನಾಳವನ್ನೇ ಎಳೆದು ತೆಗೆಯುವ ಸಾಧನ ರೂಪಿಸಿದರು. ಸ್ಟ್ರಿಪಿಂಗ್ ಎಂಬ ಈ ಶಸ್ತ್ರಚಿಕಿತ್ಸೆ ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಪ್ರಮಾಣಚಿಕಿತ್ಸೆಯಾಗಿತ್ತು. ತೊಡೆಸಂದಿಯಲ್ಲಿ ಗಾಯ, ತೊಡೆಯುದ್ದಕ್ಕೂ ರಕ್ತ ಹೆಪ್ಪುಗಟ್ಟಿದ ಕಲೆ, ವಾರಗಟ್ಟಲೆ ವಿಶ್ರಾಂತಿ ಅದರ ಬೆಲೆ.

ಇದನ್ನು ಬದಲಿಸಿದ್ದು ಲೇಸರ್ ಎಂಬುದು ಸಾಮಾನ್ಯ ನಂಬಿಕೆ. ನಿಜವಾದ ತಿರುವು ಬಂದದ್ದು ಡ್ಯುಪ್ಲೆಕ್ಸ್ ಅಲ್ಟ್ರಾಸೌಂಡ್‌ನಿಂದ. 1980ರ ದಶಕದಿಂದ ಬಳಕೆಗೆ ಬಂದ ಈ ಪರೀಕ್ಷೆ ನಾಳದ ರೂಪವನ್ನೂ ಅದರೊಳಗಿನ ಹರಿವಿನ ದಿಕ್ಕನ್ನೂ ಒಟ್ಟಿಗೆ ತೋರಿಸುತ್ತದೆ. ರೋಗಿಯನ್ನು ನಿಲ್ಲಿಸಿ, ಮೀನಖಂಡವನ್ನು ಹಿಚುಕಿ ಬಿಟ್ಟಾಗ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಮುಖವಾಗಿ ಹರಿದರೆ ಆ ನಾಳದ ಕವಾಟ ಸೋರುತ್ತಿದೆ ಎಂದರ್ಥ. ಕಣ್ಣಿಗೆ ಕಾಣುವ ಉಬ್ಬು ಮೊಣಕಾಲಿನ ಕೆಳಗಿದ್ದರೂ ಸೋರಿಕೆಯ ಮೂಲ ತೊಡೆಸಂದಿಯಲ್ಲೋ, ಹೊರ ಮತ್ತು ಆಳದ ನಾಳಗಳನ್ನು ಜೋಡಿಸುವ ಕೊಂಡಿನಾಳದಲ್ಲೋ, ಕೆಲವೊಮ್ಮೆ ಕಿಬ್ಬೊಟ್ಟೆಯಲ್ಲೋ ಇರಬಹುದು. ಅದನ್ನು ಹುಡುಕದೆ ಮಾಡುವ ಚಿಕಿತ್ಸೆ ಬೇರು ಬಿಟ್ಟು ಕೊಂಬೆ ಸವರಿದಂತೆ. ಆಳದ ನಾಳ ಹಿಂದೆಂದೋ ಮುಚ್ಚಿಹೋಗಿದ್ದರೆ ಉಬ್ಬಿದ ಹೊರನಾಳವೇ ರಕ್ತಕ್ಕೆ ಉಳಿದ ದಾರಿಯಾಗಿರಲೂಬಹುದು. ಆಗ ಅದನ್ನು ಮುಚ್ಚುವುದು ಅಪಾಯ.

ಸೋರುವ ನಾಳವನ್ನು ಎಳೆದು ತೆಗೆಯುವ ಬದಲು ಒಳಗಿನಿಂದಲೇ ಬಿಸಿಯಿಂದ ಮುಚ್ಚುವ ಮುಖ್ಯ ವಿಧಾನಗಳು ಎರಡು. ರೇಡಿಯೋ ತರಂಗದ ಸಾಧನ 1990ರ ದಶಕದ ಕೊನೆಗೆ ಬಂತು. ಲೇಸರ್ ವಿಧಾನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ದೊರೆತದ್ದು 2002ರಲ್ಲಿ. ಎರಡರಲ್ಲೂ ಮೊಣಕಾಲಿನ ಬಳಿ ಸೂಜಿ ಚುಚ್ಚಿದ ರಂಧ್ರದಿಂದಲೇ ತೆಳು ಕೊಳವೆಯನ್ನು ನಾಳದೊಳಗೆ ತೂರಿಸಿ, ಅಲ್ಟ್ರಾಸೌಂಡ್ ನೋಡುತ್ತ, ಅದರ ತುದಿಯನ್ನು ತೊಡೆಸಂದಿಯ ಕೂಡುಸ್ಥಳಕ್ಕೆ ಸುಮಾರು 2 ಸೆ.ಮೀ. ಕೆಳಗೆ ನಿಲ್ಲಿಸುತ್ತಾರೆ. ಬಳಿಕ ನಾಳದ ಸುತ್ತ ಅರಿವಳಿಕೆ ಬೆರೆಸಿದ ಸಲೈನ್ ದ್ರವವನ್ನು ಉದ್ದಕ್ಕೂ ಚುಚ್ಚಿ ತುಂಬುತ್ತಾರೆ. ಇದು ನೋವು ತಡೆಯುತ್ತದೆ, ನಾಳವನ್ನು ಕೊಳವೆಗೆ ಅಂಟುವಂತೆ ಕುಗ್ಗಿಸುತ್ತದೆ, ಸುತ್ತಲಿನ ನರ, ಚರ್ಮಗಳಿಗೆ ಬಿಸಿ ತಾಗದಂತೆಯೂ ಕಾಯುತ್ತದೆ. ಸಾಮಾನ್ಯ ಬಳಕೆಯ ರೇಡಿಯೋ ತರಂಗ ಸಾಧನ 7 ಸೆ.ಮೀ. ಉದ್ದದ ತುಂಡನ್ನು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ಸೆಕೆಂಡು ಕಾಯಿಸಿ ಮುಂದಿನ ತುಂಡಿಗೆ ಸರಿಯುತ್ತದೆ. ಲೇಸರ್ ಎಳೆಯನ್ನು ನಿಧಾನವಾಗಿ ಕೆಳಕ್ಕೆ ಎಳೆದುಕೊಳ್ಳುತ್ತ ಹೋಗುತ್ತಾರೆ. ಮೊದಲ 810, 980 ನ್ಯಾನೋಮೀಟರ್ ಲೇಸರುಗಳಿಗಿಂತ ಈಗಿನ 1470 ನ್ಯಾನೋಮೀಟರ್ ಲೇಸರಿನಲ್ಲಿ ನೋವೂ ರಕ್ತದ ಕಲೆಯೂ ಕಡಿಮೆ, ಏಕೆಂದರೆ ಇದರ ಶಕ್ತಿಯನ್ನು ನಾಳದ ಗೋಡೆಯಲ್ಲಿರುವ ನೀರು ಹೀರಿಕೊಳ್ಳುತ್ತದೆ. ಮುಚ್ಚಿದ ನಾಳ ತಿಂಗಳುಗಳಲ್ಲಿ ನಾರಿನಂತಾಗಿ ಕರಗುತ್ತದೆ. ರಕ್ತ ಆಳದ ಆರೋಗ್ಯವಂತ ನಾಳಗಳತ್ತ ತಿರುಗುತ್ತದೆ. ರೋಗಿ ಅಂದೇ ನಡೆದು ಮನೆಗೆ ಹೋಗುತ್ತಾರೆ.

ಬಿಸಿ ಬೇಡವಾದರೆ ನಾಳದೊಳಗೆ ಔಷಧ ಚುಚ್ಚಬಹುದು. ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಮತ್ತು ಪಾಲಿಡೋಕ್ಯಾನಾಲ್ ನಾಳದ ಒಳಪದರವನ್ನು ಕೆಡಿಸಿ ಗೋಡೆಗಳು ಅಂಟಿಕೊಳ್ಳುವಂತೆ ಮಾಡುತ್ತವೆ. ಇಟಲಿಯ ಲೊರೆಂಜೊ ಟೆಸ್ಸಾರಿ 2000ದ ಸುಮಾರಿಗೆ ಎರಡು ಸಿರಿಂಜುಗಳ ನಡುವೆ ಔಷಧ ಮತ್ತು ಗಾಳಿಯನ್ನು ಹಿಂದೆ ಮುಂದೆ ತಳ್ಳಿ ನೊರೆ ಮಾಡುವ ಸರಳ ಉಪಾಯ ತೋರಿಸಿದರು. ನೊರೆ ರಕ್ತವನ್ನು ಬದಿಗೊತ್ತಿ ಗೋಡೆಯನ್ನು ಮುಟ್ಟುವುದರಿಂದ ಸ್ವಲ್ಪ ಔಷಧವೇ ಸಾಕು. ಖರ್ಚು ಕಡಿಮೆ, ಆದರೆ ದಪ್ಪ ನಾಳ ಮತ್ತೆ ತೆರೆದುಕೊಳ್ಳುವ ಸಂಭವ ಹೆಚ್ಚು. ಸಯನೋಅಕ್ರಿಲೇಟ್ ಅಂಟಿನಿಂದ ಮುಚ್ಚುವ ವಿಧಾನಕ್ಕೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಇದಕ್ಕೆ ಕಾಲುದ್ದದ ಅರಿವಳಿಕೆ ಚುಚ್ಚುಮದ್ದು ಬೇಡ, ಆದರೆ ಕೆಲವರಿಗೆ ಅಲರ್ಜಿಯ ಉರಿಯೂತ ಆಗುತ್ತದೆ. ಅಂಟನ್ನು ಹೊರತೆಗೆಯುವುದು ಸುಲಭವೂ ಅಲ್ಲ. ಮುಖ್ಯನಾಳ ಮುಚ್ಚಿದ ಮೇಲೂ ಉಳಿದ ಉಬ್ಬುಗಳನ್ನು ಚಿಕ್ಕ ಕೊಕ್ಕೆಯಿಂದ ಒಂದೊಂದಾಗಿ ಎಳೆದು ತೆಗೆಯುವ ವಿಧಾನವನ್ನು ಸ್ವಿಟ್ಜರ್ಲೆಂಡಿನ ಚರ್ಮವೈದ್ಯ ರಾಬರ್ಟ್ ಮುಲ್ಲರ್ 1950ರ ದಶಕದಲ್ಲಿ ರೂಢಿಗೆ ತಂದರು. ಹೊಲಿಗೆಯೇ ಬೇಡದಷ್ಟು ಚಿಕ್ಕ ಗಾಯ. ಇಂದಿಗೂ ಇದಕ್ಕೆ ಸಾಟಿ ಬಂದಿಲ್ಲ.

ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಬಿಸಿಚಿಕಿತ್ಸೆಗೆ ಮೊದಲ ಸ್ಥಾನ, ನೊರೆಗೆ ಎರಡನೆಯದು, ಶಸ್ತ್ರಚಿಕಿತ್ಸೆಗೆ ಮೂರನೆಯದು ಎಂದು ಗೊತ್ತುಮಾಡಿತು. ಅಲ್ಲಿನ ಸುಮಾರು 800 ರೋಗಿಗಳ ಕ್ಲಾಸ್ ಅಧ್ಯಯನದ ಐದು ವರ್ಷಗಳ ಫಲಿತಾಂಶ 2019ರಲ್ಲಿ ಪ್ರಕಟವಾಯಿತು: ಕಾಯಿಲೆಗೆ ಸಂಬಂಧಿಸಿದ ಜೀವನಮಟ್ಟದಲ್ಲಿ ಲೇಸರ್ ಮತ್ತು ಶಸ್ತ್ರಚಿಕಿತ್ಸೆ ಎರಡೂ ನೊರೆಗಿಂತ ಮುಂದಿದ್ದವು. ಎಂದರೆ ಹಳೆಯ ಶಸ್ತ್ರಚಿಕಿತ್ಸೆ ಕೆಲಸ ಮಾಡುತ್ತಿರಲಿಲ್ಲವೆಂದಲ್ಲ. ಹೊಸದರ ಲಾಭ ಮುಖ್ಯವಾಗಿ ಬೇಗ ಚೇತರಿಸಿಕೊಳ್ಳುವುದರಲ್ಲಿದೆ. ಹುಣ್ಣಿನ ವಿಷಯದಲ್ಲಿ ಇನ್ನೊಂದು ಅಧ್ಯಯನ ಹೆಚ್ಚು ಮುಖ್ಯ. 2018ರ ಎವ್ರಾ ಅಧ್ಯಯನದಲ್ಲಿ, ಒತ್ತಡದ ಪಟ್ಟಿಯ ಜೊತೆಗೆ ತಡಮಾಡದೆ ನಾಳವನ್ನೂ ಮುಚ್ಚಿದವರ ಹುಣ್ಣು ಮಾಯಲು ಮಧ್ಯಮ ಲೆಕ್ಕದಲ್ಲಿ 56 ದಿನ ಹಿಡಿದರೆ, ಮುಚ್ಚುವುದನ್ನು ಮುಂದೂಡಿದವರಲ್ಲಿ 82 ದಿನ ಹಿಡಿಯಿತು. ಹುಣ್ಣು ಮಾಯಲಿ, ಆಮೇಲೆ ನೋಡೋಣ ಎಂಬ ಹಳೆಯ ಸಲಹೆ ಈಗ ನಿಲ್ಲುವುದಿಲ್ಲ.

ಒತ್ತಡದ ಕಾಲುಚೀಲ ಬಾವು, ಭಾರಗಳನ್ನು ತಗ್ಗಿಸುತ್ತದೆ, ಕವಾಟವನ್ನು ಸರಿಪಡಿಸುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದನ್ನು ದಿನವಿಡೀ ಹಾಕಿಕೊಳ್ಳಿ ಎನ್ನುವುದು ಹೇಳಿದಷ್ಟು ಸುಲಭವಲ್ಲ. ಮಧುಮೇಹಿಗಳು ಮತ್ತು ಬೀಡಿ ಸಿಗರೇಟು ಸೇದುವವರು ಕಾಲಿನ ಅಪಧಮನಿಯ ಹರಿವನ್ನು ಮೊದಲು ಪರೀಕ್ಷಿಸಿಕೊಳ್ಳದೆ ಬಿಗಿಚೀಲ ಹಾಕಬಾರದು.

ಕಾಲಿನ ಎಳೆನಾಳಗಳಿಗೆ ಈಗಲೂ ಮೊದಲ ಆಯ್ಕೆ ಸೂಕ್ಷ್ಮ ಚುಚ್ಚುಮದ್ದೇ. ಕೂದಲೆಳೆಯ ಸೂಜಿಯಿಂದ ತೆಳು ಔಷಧವನ್ನು ಹಲವು ಕಡೆ ಚುಚ್ಚುತ್ತಾರೆ, ವಾರಗಳ ಅಂತರದಲ್ಲಿ ಮತ್ತೆ ಮಾಡಬೇಕಾಗುತ್ತದೆ. ಅವಕ್ಕೆ ರಕ್ತ ಉಣಿಸುವ ಜಾಲನಾಳವನ್ನು ಮೊದಲು ಮುಚ್ಚದಿದ್ದರೆ ಫಲ ಅರ್ಧವೇ. ಚರ್ಮದ ಮೇಲಿನಿಂದ ಹಾಯಿಸುವ ಲೇಸರ್ ಮುಖದ ಎಳೆನಾಳಗಳಿಗೆ ಚೆನ್ನಾಗಿ ಒಗ್ಗುತ್ತದೆ. ಕಾಲಿಗೆ 1064 ನ್ಯಾನೋಮೀಟರ್ ಲೇಸರ್ ಬಳಸುವುದುಂಟು, ಆದರೆ ನಮ್ಮಂಥ ಕಂದು ಮೈಬಣ್ಣದವರಲ್ಲಿ ಲೇಸರಿನಿಂದ ಸುಟ್ಟ ಕಲೆ, ಬಣ್ಣಗೆಡುವಿಕೆಯ ಅಪಾಯ ಹೆಚ್ಚು. ಚುಚ್ಚುಮದ್ದಿನಿಂದಲೂ ಕಂದು ಗೆರೆ ಉಳಿಯಬಹುದು. ಬಹುತೇಕ ಒಂದು ವರ್ಷದೊಳಗೆ ಮಾಸುತ್ತದೆ. ಚಿಕಿತ್ಸೆ ಮಾಡಿದ ಜಾಗದ ಸುತ್ತ ಹೊಸ ಕೆಂಪು ಎಳೆಗಳು ಹುಟ್ಟುವುದೂ ಉಂಟು.

ಬಿಸಿಚಿಕಿತ್ಸೆಯ ನಂತರ ನಾಳದುದ್ದಕ್ಕೂ ಬಿಗಿತ, ನರಕ್ಕೆ ಬಿಸಿ ತಾಗಿ ಜೋಮು, ಅಪರೂಪಕ್ಕೆ ಆಳದ ನಾಳದಲ್ಲಿ ಹೆಪ್ಪು ಕಾಣಿಸಿಕೊಳ್ಳುತ್ತವೆ. ನೊರೆಯಿಂದ ಕೆಲವರಿಗೆ ಕ್ಷಣಕಾಲ ಕಣ್ಣು ಮಂಜಾಗುತ್ತದೆ. ಚಿಕಿತ್ಸೆಯ ದಿನವೇ ನಡೆದಾಡಿಸುವುದು ಹೆಪ್ಪನ್ನು ತಡೆಯಲಿಕ್ಕೆ. ಬಸಿರಿನಲ್ಲಿ ಕಾಣಿಸಿಕೊಂಡ ಉಬ್ಬು ಹೆರಿಗೆಯ ನಂತರ ಬಹಳಷ್ಟು ತಗ್ಗುವುದರಿಂದ ಆಗ ಕಾಯುವುದೇ ಸರಿ. ಯಾವ ವಿಧಾನವೂ ಕಾಯಿಲೆ ಮರಳದೆಂಬ ಭರವಸೆ ಕೊಡಲಾರದು. ಬೇರೆ ನಾಳಗಳ ಕವಾಟಗಳು ಮುಂದೆ ಸಡಿಲಬಹುದು. ಹೃದಯದ ಬೈಪಾಸ್‌ಗೆ ಬಳಸುವುದು ಸಾಮಾನ್ಯವಾಗಿ ಇದೇ ಸಫೀನಸ್ ಆದ್ದರಿಂದ ಸೋರದ ನಾಳವನ್ನು ಮುಟ್ಟಬಾರದು. ಜಾಹೀರಾತಿನ ಲೇಸರಿಗೆ ಒಪ್ಪುವ ಮೊದಲು ರೋಗಿಗಳು ನಿಂತ ಭಂಗಿಯ ಡ್ಯುಪ್ಲೆಕ್ಸ್ ವರದಿಯನ್ನು ಕೇಳಿ ಪಡೆದು, ಯಾವ ನಾಳ ಎಲ್ಲಿಂದ ಸೋರುತ್ತಿದೆ ಎಂಬುದನ್ನು ವೈದ್ಯರ ಬಾಯಿಂದ ತಿಳಿದುಕೊಳ್ಳಬೇಕು.