ದೇಶನೂರಿನ ಕಾಲುವೆಯೂ ಲಂಡನ್ನಿನ ಬಡ್ಡಿಯೂ

ಸಿರುಗುಪ್ಪ ತಾಲ್ಲೂಕಿನ ದೇಶನೂರು ಸಾಹಿತ್ಯಾಸಕ್ತರಿಗೆ ಅಷ್ಟಾಗಿ ಪರಿಚಿತವಾದ ಊರಲ್ಲ. ಆದರೆ ವಿಜಯನಗರದ ಕಾಲುವೆಗಳೆಂದು ಹೆಸರಾದ ರಾಯ, ಬಸವಣ್ಣ, ತುರ್ತ, ಕಂಪ್ಲಿ ಮೊದಲಾದವುಗಳ ಸಾಲಿನಲ್ಲಿ ದೇಶನೂರು ಕಾಲುವೆಯೂ ಇದೆ. ಜಗತ್ತಿನ ದೊಡ್ಡ ಬಂಡವಾಳಗಾರರು ಈಗ ಹೊಲಗದ್ದೆಗಳನ್ನು ಷೇರುಗಳಂತೆ ಕೊಂಡು ಇಟ್ಟುಕೊಳ್ಳುತ್ತಿದ್ದಾರೆಂಬ ಸುದ್ದಿಯನ್ನು ಓದಿದಾಗಲೆಲ್ಲ ನನಗೆ ಈ ಕಾಲುವೆ ನೆನಪಾಗುತ್ತದೆ. ನೆಲಕ್ಕೂ ನೀರಿಗೂ ಹಣ ಹೂಡುವುದು ನಮ್ಮಲ್ಲಿ ಹೊಸದಲ್ಲ; ಹೂಡಿದವನ ಪ್ರತಿಫಲ ಎಲ್ಲಿಂದ ಬರಬೇಕೆಂಬ ಕರಾರು ಮಾತ್ರ ಬದಲಾಗುತ್ತ ಬಂದಿದೆ.

ಕನ್ನಡ ಶಾಸನಗಳನ್ನು ಓದಿದವರು ಕಟ್ಟುಕೊಡಗೆ, ದಶವಂದ ಎಂಬ ಮಾತುಗಳನ್ನು ಬಲ್ಲರು. ಕೆರೆಯನ್ನೋ ಕಾಲುವೆಯನ್ನೋ ಕಟ್ಟಿಸಿದವನಿಗೆ, ಜೀರ್ಣವಾದುದನ್ನು ದುರಸ್ತಿ ಮಾಡಿಸಿದವನಿಗೆ, ಭೂಮಿಯನ್ನು ಅಥವಾ ಅದರ ಹುಟ್ಟುವಳಿಯ ಪಾಲನ್ನು ಬಿಟ್ಟುಕೊಡುತ್ತಿದ್ದರು. ಆ ಪಾಲು ಸಾಮಾನ್ಯವಾಗಿ ಅದೇ ನೀರಿನ ಕೆಳಗಿನ ಗದ್ದೆಯದು. ನೀರು ಬಂದರೆ ಪಾಲುಂಟು, ಬಾರದಿದ್ದರೆ ಇಲ್ಲ. ಆ ಕಾಲವನ್ನು ನಾನು ರಾಮರಾಜ್ಯವೆಂದು ಹೊಗಳಲಾರೆ. ಒಕ್ಕಲಿನವನ ಬೆನ್ನ ಮೇಲೆ ತೆರಿಗೆಗಳ ಹೊರೆ ಆಗಲೂ ಇತ್ತು. ಆದರೆ ಹಣ ಹಾಕಿದವನ ಕಣ್ಣು ಕಾಲುವೆಯ ತೂಬಿನ ಮೇಲಿರಬೇಕಾಗಿತ್ತೆಂಬುದು ನಿಜ.

1800ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂತು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದು ಹೊಲಗಳನ್ನು ಅಳೆಯಿಸಿ, ಒಬ್ಬೊಬ್ಬ ರೈತನ ಮೇಲೂ ನಗದು ಕಂದಾಯವನ್ನು ಗೊತ್ತುಪಡಿಸಿದನು. ಭೂಮಿಯನ್ನು ಲೆಕ್ಕದ ಪುಸ್ತಕಕ್ಕೆ ಏರಿಸುವ ಕೆಲಸ ಹೀಗೆ ಮೊದಲಾಯಿತು.

ಮುಂದಿನ ಅಧ್ಯಾಯ ನಡೆದದ್ದು ಲಂಡನ್ನಿನಲ್ಲಿ. 1858ರಲ್ಲಿ ಅಲ್ಲಿ ಮದರಾಸು ನೀರಾವರಿ ಮತ್ತು ಕಾಲುವೆ ಕಂಪನಿಯೆಂಬ ಖಾಸಗಿ ಸಂಸ್ಥೆ ಹುಟ್ಟಿತು. ಗೋದಾವರಿಯ ಅಣೆಕಟ್ಟಿನಿಂದ ಕೀರ್ತಿವಂತನಾದ ಆರ್ಥರ್ ಕಾಟನ್ನನ ಕನಸು ಅದರ ಹಿಂದಿತ್ತು. ನಮ್ಮ ತುಂಗಭದ್ರೆಯನ್ನು ಎಂದೂ ಕಾಣದ ಜನ ಅದರ ಷೇರುಗಳನ್ನು ಕೊಂಡರು. ಅವರಿಗೆ ಧೈರ್ಯ ಕೊಟ್ಟದ್ದು ನದಿಯಲ್ಲ, ಸರ್ಕಾರ. ಹತ್ತು ಲಕ್ಷ ಪೌಂಡಿನ ಮೂಲಧನಕ್ಕೆ ನೂರಕ್ಕೆ ಐದರಂತೆ ಬಡ್ಡಿಯ ಖಾತರಿ ದೊರೆತಿತ್ತು. ಸಿರುಗುಪ್ಪದಿಂದ ಕೆಳಗೆ, ಕರ್ನೂಲಿನ ಬಳಿಯ ಸುಂಕೇಸುಲದಲ್ಲಿ ಹೊಳೆಗೆ ಅಡ್ಡಗಟ್ಟೆ ಕಟ್ಟಿ, ಕಡಪದ ಕಡೆಗೆ ಕಾಲುವೆ ತೋಡಿದರು. ನೀರು ಬಂದರೂ ಕೊಳ್ಳುವವರು ಸಾಲಲಿಲ್ಲ. ಯರೆಭೂಮಿಯ ರೈತನು ಮಳೆಯ ತೇವದಲ್ಲೇ ಜೋಳ ಹತ್ತಿಗಳನ್ನು ಬೆಳೆಯಬಲ್ಲವನು. ಹಣ ತೆತ್ತು ನೀರು ಹಾಯಿಸಲು ಅವನು ಒಪ್ಪಲಿಲ್ಲ. ಅವನನ್ನು ಮೂಢನೆಂದವರುಂಟು. ತನ್ನ ಮಣ್ಣನ್ನು ಅವನು ಅವರಿಗಿಂತ ಚೆನ್ನಾಗಿ ಬಲ್ಲವನಾಗಿದ್ದನೆಂದು ನನ್ನ ಅಭಿಪ್ರಾಯ. ಕಾಲುವೆ ನಷ್ಟದಲ್ಲಿ ನಡೆಯಿತು, ಬಡ್ಡಿ ಮಾತ್ರ ತಪ್ಪಲಿಲ್ಲ. ಅದು ಕಂದಾಯ ತೆರುವವರ ಬೊಕ್ಕಸದಿಂದಲೇ ಹೋಯಿತು. 1876ರಿಂದ 78ರವರೆಗಿನ ಘೋರ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಬೆಂದುಹೋದ ದಿನಗಳಲ್ಲಿಯೂ ಆ ಖಾತರಿ ಖಾತರಿಯಾಗಿಯೇ ಇತ್ತು. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು.

ಹೊಸಪೇಟೆಯ ಬಳಿ ಅಣೆಕಟ್ಟು ಏಳಲು 1953ರವರೆಗೆ ಕಾಯಬೇಕಾಯಿತು. ಕಾಲುವೆಯ ನೀರಿನೊಡನೆ ಕರಾವಳಿ ಆಂಧ್ರದ ರೈತರೂ ಬಂದರು. ಅಲ್ಲಿ ಒಂದೆಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಸಿಕ್ಕಿತು. ಸಿರುಗುಪ್ಪ, ಗಂಗಾವತಿ, ಸಿಂಧನೂರುಗಳ ಸುತ್ತ ‘ಕ್ಯಾಂಪು’ಗಳೆದ್ದವು. ಅವರೂ ಹಣ ಹೂಡಿದವರೇ, ಆದರೆ ಕೆಸರಿಗೆ ಇಳಿದು ಹೂಡಿದರು. ಅವರನ್ನು ಲಂಡನ್ನಿನ ಷೇರುದಾರರ ಪಂಕ್ತಿಯಲ್ಲಿ ಕೂರಿಸುವುದು ಅನ್ಯಾಯ.

ಆ ಪಂಕ್ತಿಯವರು ಮತ್ತೆ ಕಾಣಿಸಿಕೊಂಡದ್ದು 2008ರ ಹಣಕಾಸಿನ ಕುಸಿತದ ಆಸುಪಾಸಿನಲ್ಲಿ. ಧಾನ್ಯದ ಬೆಲೆ ಏರಿತು, ಇತರ ಹೂಡಿಕೆಗಳು ನಡುಗಿದವು, ಭೂಮಿ ಭದ್ರವೆನ್ನಿಸಿತು. ಅಮೆರಿಕದ ಅಧ್ಯಾಪಕರ ನಿವೃತ್ತಿ ನಿಧಿಯಾದ ಟಿ.ಐ.ಎ.ಎ. ಬ್ರೆಜಿಲ್, ಆಸ್ಟ್ರೇಲಿಯಗಳಲ್ಲಿ ಕೃಷಿಭೂಮಿಗೆ ಹಣ ಹಾಕಿತು. ನಿವೃತ್ತಿವೇತನದಲ್ಲಿ ಬಾಳುವ ಅಧ್ಯಾಪಕನಾದ ನನಗೆ ಇದು ಕಸಿವಿಸಿಯ ಸಂಗತಿ. ನನ್ನಂತೆಯೇ ಪಾಠ ಹೇಳಿದ ಅಲ್ಲಿಯ ಒಬ್ಬ ಸಾಧುಜೀವಿ, ತನ್ನ ಮುಪ್ಪಿನ ಅನ್ನ ಯಾವ ಊರಿನ ಯಾರ ಹೊಲದಿಂದ ಬರುತ್ತಿದೆಯೆಂದು ಅರಿಯದೆಯೇ ಜಮೀನ್ದಾರನಾಗಿದ್ದಾನೆ.

ವಿದೇಶೀಯರು ಇಲ್ಲಿ ಬಂದು ಕೃಷಿಭೂಮಿ ಕೊಳ್ಳಲು ನಮ್ಮ ವಿದೇಶೀ ವಿನಿಮಯದ ನಿಯಮಗಳು ಬಿಡವು. ಒಳಗಿನ ಬಾಗಿಲೇ ಬೇರೆ. ಉಳುವವನೇ ಒಡೆಯನೆಂದ 1974ರ ತಿದ್ದುಪಡಿಯು ಕೃಷಿಕರಲ್ಲದವರ ಖರೀದಿಗೂ ತಡೆ ಹಾಕಿತ್ತು. ಕೃಷಿಯೇತರ ಆದಾಯದ ಮಿತಿಯನ್ನು 2015ರಲ್ಲಿ ಎರಡು ಲಕ್ಷ ರೂಪಾಯಿಯಿಂದ ಇಪ್ಪತ್ತೈದು ಲಕ್ಷಕ್ಕೆ ಏರಿಸಲಾಯಿತು. 2020ರಲ್ಲಿ ಆ ತಡೆಯ ಕಲಮುಗಳನ್ನೇ ತೆಗೆದುಹಾಕಲಾಯಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ತಡೆಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಲು ಒಂದು ವಾರ ಹಿಡಿಯಿತು. ಈ ಬಯಲಿನಲ್ಲಿ ಎಕರೆಗೆ ಇಂತಿಷ್ಟು ಚೀಲ ಭತ್ತವೆಂದು ಮೊದಲೇ ಮಾತಾಡಿಕೊಂಡು ಗದ್ದೆಯನ್ನು ಗುತ್ತಿಗೆಗೆ ಹಿಡಿಯುವ ರೂಢಿಯುಂಟು. ಹಾಗೆ ಹಿಡಿದವರು ಆ ವಾರವೆಲ್ಲ ಹೊಳೆಯ ಪಾಲಾಗುತ್ತಿದ್ದ ನೀರಿನ ಲೆಕ್ಕ ಕೇಳುತ್ತಿದ್ದರು. ಕೊಡಬೇಕಾದ ಚೀಲಗಳ ಲೆಕ್ಕ ನಾಟಿಗೆ ಮುಂಚೆಯೇ ಮುಗಿದಿತ್ತು.